ಡಬ್ಬಿಯೊಳಗೆ ಎರಡು ಬೆರಳಿನ ಗುರುತು

ಹಲ್ಲಿನ ಡಾಕ್ಟರ ಮುಂದೆ ಸುಳ್ಳು ಹೇಳುವುದು ಸುಲಭವಲ್ಲ. ಬಾಯಿ ತೆರೆದುಕೊಂಡೇ ಹೇಳಬೇಕು, ಹೇಳುವಾಗ ಅವರು ಒಳಗೇ ನೋಡುತ್ತಿರುತ್ತಾರೆ. ಆದರೂ ನಾನು ಹೇಳಿದೆ. ಇಪ್ಪತ್ತಾರು ವರ್ಷ ಪಾಠ ಮಾಡಿದವಳು, ಮಕ್ಕಳ ಮುಖ ನೋಡಿಯೇ ಯಾರು ಹೋಂವರ್ಕ್ ಮಾಡಿಲ್ಲ ಎಂದು ಹೇಳಬಲ್ಲವಳು, ಮಂಡ್ಯದ ಒಂದು ಪುಟ್ಟ ಕ್ಲಿನಿಕ್ಕಿನ ಕುರ್ಚಿಯಲ್ಲಿ ಒರಗಿಕೊಂಡು ನನ್ನ ಮಗಳ ವಯಸ್ಸಿನ ಡಾಕ್ಟರಮ್ಮನಿಗೆ ಹಸಿ ಸುಳ್ಳು ಹೇಳಿದೆ.

ಹೋಗಿದ್ದು ವಸಡಿಗೆ. ಬೆಳಿಗ್ಗೆ ಹಲ್ಲುಜ್ಜಿ ಉಗಿದರೆ ಬೇಸಿನ್ನು ಕೆಂಪಾಗುತ್ತಿತ್ತು. ಬಲಗಡೆಯ ದವಡೆ ಹಲ್ಲೊಂದು ನಾಲಿಗೆ ತಾಗಿದರೆ ಸಾಕು, ಅಲ್ಲಾಡುತ್ತಿತ್ತು. ಲವಂಗದ ಎಣ್ಣೆ ಆಯಿತು, ಉಪ್ಪುನೀರು ಆಯಿತು, ಸೀಬೆ ಎಲೆ ಜಗಿದದ್ದೂ ಆಯಿತು. ಕೊನೆಗೆ ನಮ್ಮ ಯಜಮಾನರು, ನೀನು ಬಾಯಿ ತೆಗೆದರೆ ಪಕ್ಕದಲ್ಲಿ ಕೂರುವುದಕ್ಕೆ ಆಗುವುದಿಲ್ಲ, ಒಂದೋ ಬಾಯಿ ಮುಚ್ಚು, ಇಲ್ಲ ಡಾಕ್ಟರಿಗೆ ತೋರಿಸು ಅಂದರು. ಬಾಯಿ ಮುಚ್ಚುವುದು ನನ್ನ ಜಾಯಮಾನವಲ್ಲ. ಹಾಗಾಗಿ ಡಾಕ್ಟರಿಗೆ ತೋರಿಸಿದೆ.

ಡಾಕ್ಟರಮ್ಮ ಒಂದು ಸಣ್ಣ ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸಿ ಇಳಿಸಿ, ಮೂರು, ಐದು, ಆರು ಎಂದು ನರ್ಸಿಗೆ ಬರೆಸುತ್ತ ಹೋದರು. ವಸಡು ಹಲ್ಲನ್ನು ಬಿಟ್ಟು ಸಂದಿಯಾಗಿದೆ, ಒಳಗೆ ಕೀವು ಕೂತಿದೆ, ಮೊದಲು ಕ್ಲೀನ್ ಮಾಡಿ ಆಮೇಲೆ ಲೇಸರ್ ಕೊಡೋಣ ಅಂದರು. ಲೇಸರ್ ಅಂದರೆ ಬೆಳಕು ಅಷ್ಟೇ ಮೇಡಂ, ದಾರದಷ್ಟು ತೆಳ್ಳಗಿನ ಎಳೆಯ ತುದಿಯಿಂದ ಬರುತ್ತೆ, ಸಂದಿಯೊಳಗಿನ ಕೆಟ್ಟ ಭಾಗವನ್ನು ತೆಗೆಯುತ್ತೆ, ಕತ್ತರಿ ಬೇಡ, ಹೊಲಿಗೆ ಬೇಡ ಎಂದು ಸಮಾಧಾನವಾಗಿ ವಿವರಿಸಿದರು. ನಾನು ತಲೆಯಾಡಿಸುತ್ತಿದ್ದೆ. ಅಷ್ಟರಲ್ಲಿ ಅವರ ಕೈಯಲ್ಲಿದ್ದ ಪುಟ್ಟ ಕನ್ನಡಿ ಎಡಗೆನ್ನೆಯ ಒಳಗೆ ಹೋಗಿ ಅಲ್ಲೇ ನಿಂತಿತು.

ಬಟ್ಟೆಯ ತುಂಡಿನಿಂದ ಅಲ್ಲಿ ಎರಡು ಸಲ ಒರೆಸಿದರು. ಇಲ್ಲೊಂದು ಬಿಳಿ ಮಚ್ಚೆ ಇದೆ, ಒರೆಸಿದರೆ ಹೋಗುತ್ತಿಲ್ಲ, ಹೊಗೆಸೊಪ್ಪು, ಕಡ್ಡಿಪುಡಿ ಏನಾದರೂ ಹಾಕುತ್ತೀರಾ ಎಂದು ಕೇಳಿದರು.

"ಛೆ ಛೆ, ಅದೆಲ್ಲ ಎಲ್ಲಿ? ಕೆನ್ನೆ ಕಚ್ಚಿಕೊಂಡೆ, ಅಷ್ಟೇ," ಅಂದೆ.

ಮಾತು ಹೊರಗೆ ಬಂದ ಮೇಲೆ ಗೊತ್ತಾಯಿತು, ಅದು ನನ್ನ ಮಾತಲ್ಲ. ಹತ್ತು ವರ್ಷದ ಹಿಂದೆ ಮಳವಳ್ಳಿ ಕಡೆಯ ನಮ್ಮೂರಿನ ಹಟ್ಟಿಯ ಅಂಗಳದಲ್ಲಿ ಕೂತು ನಮ್ಮವ್ವ ನನಗೆ ಹೇಳಿದ ಮಾತು. ಧಾಟಿಯೂ ಅವಳದೇ, ಕೊನೆಯಲ್ಲಿ ಸ್ವಲ್ಪ ನಕ್ಕ ಹಾಗೆ ಮಾಡಿದ್ದೂ ಅವಳ ಹಾಗೇ.

ಅವ್ವನ ಹತ್ತಿರ ತಗಡಿನ ದುಂಡು ಡಬ್ಬಿಯೊಂದಿತ್ತು. ಮುಚ್ಚಳದ ಒಳಮೈಗೆ ಒಂದು ರೂಪಾಯಿ ನಾಣ್ಯದಷ್ಟು ಕನ್ನಡಿ. ಅದರೊಳಗೆ ಕಡ್ಡಿಪುಡಿ. ಹೊಗೆಸೊಪ್ಪಿನ ಕಡ್ಡಿಯನ್ನು ಕುಟ್ಟಿ ಮಾಡಿದ ಈ ಪುಡಿಯನ್ನು ನಮ್ಮ ಕಡೆ ಹೆಂಗಸರು ಎಲೆ ಅಡಿಕೆಯ ಜೊತೆ ಹಾಕುತ್ತಾರೆ. ಹಾಕಿ ಅಭ್ಯಾಸವಾದವರು ಆಮೇಲೆ ಎಲೆಯನ್ನು ಮರೆತರೂ ಪುಡಿಯನ್ನು ಮರೆಯುವುದಿಲ್ಲ. ಅವ್ವ ಗದ್ದೆಯ ಬದುವಿನ ಮೇಲೆ ಕೂತು ಎರಡು ಬೆರಳಲ್ಲಿ ಒಂದು ಚಿಟಿಕೆ ತೆಗೆದು ಎಡದವಡೆಗೆ ಒತ್ತಿಕೊಂಡರೆ, ಕಳೆ ಕೀಳುವ ಹೆಂಗಸರೆಲ್ಲ ಕೈಚಾಚುತ್ತಿದ್ದರು. ಅಪ್ಪನಿಗೆ ಕೊಡದ ಡಬ್ಬಿಯನ್ನು ಅವಳು ಅವರಿಗೆ ಕೊಡುತ್ತಿದ್ದಳು. ನನಗೆ ಅವ್ವನ ವಾಸನೆ ಎಂದರೆ ಅದೇ, ಹೊಗೆಸೊಪ್ಪು ಮತ್ತು ಬೆವರು.

ಅವತ್ತು ಬೇಸಿಗೆ ರಜಕ್ಕೆ ಹೋಗಿದ್ದೆ. ಯಾವುದೋ ಮಾತಿಗೆ ಅವ್ವ ತಲೆ ಹಿಂದಕ್ಕೆ ಹಾಕಿ ನಕ್ಕಳು. ಹಟ್ಟಿಯ ಬಿಸಿಲು ನೇರ ಬಾಯೊಳಗೆ ಬಿತ್ತು. ಎಡಗೆನ್ನೆಯ ಒಳಗೆ ಹಾಲಿನ ಕೆನೆ ಅಂಟಿದ ಹಾಗೆ ಬೆಳ್ಳಗಿತ್ತು. ಏನವ್ವ ಅದು ಎಂದು ಕೇಳಿದೆ.

"ಕೆನ್ನೆ ಕಚ್ಕಂಡೆ ಕಣವ್ವ, ಅಷ್ಟೇಯ."

ನಂಬಿದೆ. ನಂಬಿದೆ ಅನ್ನುವುದಕ್ಕಿಂತ ನಂಬಿದರೆ ನನಗೆ ಅನುಕೂಲವಿತ್ತು. ಮರುದಿನ ಉತ್ತರ ಪತ್ರಿಕೆ ತಿದ್ದುವ ಡ್ಯೂಟಿಗೆ ಹೋಗಬೇಕಿತ್ತು. ಆಸ್ಪತ್ರೆ ಅಂದರೆ ರಜೆ, ರಜೆ ಅಂದರೆ ಹೆಡ್‌ಮಾಸ್ತರ ಮುಖ. ಅವ್ವನೇ ಏನಿಲ್ಲ ಅಂದಮೇಲೆ ಏನಿಲ್ಲ ಎಂದುಕೊಂಡು ಬಸ್ಸು ಹತ್ತಿದೆ. ದೀಪಾವಳಿಗೆ ಹೋದಾಗ ಅವ್ವ ಮುದ್ದೆಯನ್ನು ಬರೀ ಬಲಗಡೆ ಸರಿಸಿ ನುಂಗುತ್ತಿದ್ದಳು, ಖಾರ ಸೋಕಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆ ಹೊತ್ತಿಗೆ ಬಿಳುಪು ಹೋಗಿ ಹುಣ್ಣಾಗಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಕರೆಂಟು ಕೊಡಿಸಿದೆವು. ಕ್ಯಾನ್ಸರಿಗೆ ಕೊಡುವ ಕಿರಣ ಚಿಕಿತ್ಸೆಗೆ ನಮ್ಮೂರಲ್ಲಿ ಎಲ್ಲರೂ ಕರೆಂಟು ಎಂದೇ ಅನ್ನುವುದು. ಕರೆಂಟು ಕೊಡಿಸಿಕೊಂಡವರು ವಾಪಸು ಬಂದು ಮುದ್ದೆ ಉಣ್ಣುವುದಿಲ್ಲ ಅನ್ನುವ ಮಾತೂ ಅಲ್ಲಿದೆ. ಅವ್ವನ ಕೆನ್ನೆ ಸೀದ ರೊಟ್ಟಿಯ ಹಾಗೆ ಕಪ್ಪಾಯಿತು. ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯದಾಯಿತು. ಮೂಗಿಗೆ ನಳಿಕೆ ಹಾಕಿ ಊರಿಗೆ ಕಳಿಸಿಕೊಟ್ಟರು. ತಡವಾಗಿ ಬಂದಿರಿ ಎಂದು ಅವರು ಒಂದೇ ಒಂದು ಸಲ ಹೇಳಿದರು, ಅದೂ ನನ್ನ ಮುಖ ನೋಡಿಕೊಂಡು.

ಅಣ್ಣನ ಮನೆಯ ನಡುಮನೆಯಲ್ಲಿ ಮಲಗಿಸಿದ್ದೆವು. ಎದುರಿಗಿನ ಗೋಡೆಯ ಗೂಡಿನಲ್ಲಿ ಡಬ್ಬಿ ಇತ್ತು. ಅವ್ವನಿಗೆ ಮಾತು ಹೋಗಿತ್ತು. ಕೈಯೆತ್ತಿ ಡಬ್ಬಿಯನ್ನು ತೋರಿಸುವಳು, ಎರಡು ಬೆರಳು ಜೋಡಿಸಿ ದವಡೆಗೆ ಒತ್ತಿ ತೋರಿಸುವಳು. ದಿನಕ್ಕೆ ಹತ್ತು ಸಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅದರಿಂದಲೇ ಹೀಗಾಗಿದ್ದು, ಇನ್ನೂ ಅದೇ ಬೇಕಾ ಎಂದು ಸಾಯುತ್ತಿರುವವಳನ್ನು ಬೈದೆ. ಡಬ್ಬಿ ತೆಗೆದುಕೊಂಡು ಹೋಗಿ ರಾಗಿ ಡ್ರಮ್ಮಿನೊಳಗೆ ಹೂತಿಟ್ಟೆ. ಅವ್ವ ಮೂರು ದಿನ ಆ ಖಾಲಿ ಗೂಡನ್ನೇ ನೋಡಿದಳು. ನಾಲ್ಕನೆಯ ದಿನ ಹೋದಳು. ಕಣ್ಣು ಮುಚ್ಚಿಸಿದ್ದು ನಾನೇ, ಆದರೆ ಆ ನೋಟ ಇವತ್ತಿಗೂ ಮುಚ್ಚಿಲ್ಲ.

ವರ್ಷದ ತಿಥಿ ಕಳೆದ ಮೇಲೆ ಮೊದಲ ಪಕ್ಷ ಬಂತು. ಪಕ್ಷದ ಹಬ್ಬದಲ್ಲಿ ನಾವು ಸತ್ತವರಿಗೆ ಎಡೆ ಇಡುತ್ತೇವೆ. ಅವರಿಗೆ ಏನು ಇಷ್ಟವೋ ಅದೆಲ್ಲ ಎಲೆಯ ಮುಂದೆ ಇರಬೇಕು. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಕುಡಿತ. ಅಲ್ಲಿ ಬುದ್ಧಿವಾದ ಇಲ್ಲ. ಎಡೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು ಜಗಲಿಯ ಮೇಲೆ ಕೂರಬೇಕು. ಹಿರಿಯರು ಬಂದು ಉಂಡುಹೋಗಲಿ ಎಂದು. ಮತ್ತೆ ಒಳಗೆ ಹೋಗುವಾಗ ಬಾಗಿಲ ಹೊರಗೇ ನಿಂತು ಕೆಮ್ಮಿ ಸದ್ದು ಮಾಡಬೇಕು, ಉಣ್ಣುತ್ತಿರುವವರ ಮೇಲೆ ದಿಢೀರನೆ ನುಗ್ಗಬಾರದು. ಒಳಗೆ ಹೋದ ಮೇಲೆ ಎಡೆಯಲ್ಲಿ ಏನಾದರೂ ಕದಲಿದೆಯಾ ಎಂದು ನೋಡುವುದು ನಮ್ಮ ಮನೆಯ ರೂಢಿ.

ಆ ವರ್ಷ ನಾನು ಎಡೆಯ ಮುಂದೆ ಬಿದ್ದು ಅತ್ತೆ. ಕೇಳಿದಳು ಕೊಡಲಿಲ್ಲ, ಕೇಳಿದಳು ಕೊಡಲಿಲ್ಲ ಎಂದು ಅದನ್ನೇ ಹೇಳುತ್ತಿದ್ದೆನಂತೆ. ಅಣ್ಣ ಎದ್ದುಹೋಗಿ ರಾಗಿಯೊಳಗಿಂದ ಡಬ್ಬಿ ತೆಗೆದ. ಹೊಸ ಕಡ್ಡಿಪುಡಿ ತುಂಬಿ, ಮೇಲೆ ಬೆರಳಾಡಿಸಿ ಸಮ ಮಾಡಿ, ಮುಚ್ಚಳ ತೆಗೆದು ಅವ್ವನ ಎಲೆಯ ತುದಿಗೆ ಇಟ್ಟ. ನಾವೆಲ್ಲ ಹೊರಗೆ ಬಂದೆವು, ಧೂಪ ಹಾಕಿ ಅಣ್ಣ ಕೊನೆಗೆ ಬಂದ. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿ ಬಾಗಿಲು ತೆಗೆದೆವು.

ಡಬ್ಬಿಯೊಳಗೆ, ಸಮವಾಗಿದ್ದ ಪುಡಿಯ ನಡುವೆ, ಎರಡು ಬೆರಳು ಇಳಿದ ಗುಳಿ ಇತ್ತು. ಅವ್ವ ಚಿಟಿಕೆ ತೆಗೆಯುತ್ತಿದ್ದ ಹಾಗೇ, ಒಂದು ಬೆರಳು ಆಳ, ಇನ್ನೊಂದು ಮೇಲೆ.

"ಅವ್ವ ಬಂದಿದ್ಲು ಕಣವ್ವ, ನೋಡು," ಅಂದ ಅಣ್ಣ.

ಅವಳು ಸತ್ತಮೇಲೆ ಮೊದಲ ಸಲ ನನಗೆ ಉಸಿರು ಪೂರ್ತಿಯಾಗಿ ಬಂತು. ಎಡೆಯಲ್ಲಿಟ್ಟದ್ದನ್ನು ಮನೆಯವರು ಪ್ರಸಾದವೆಂದು ಉಣ್ಣಬೇಕು. ಕಡ್ಡಿಪುಡಿಯನ್ನು ಯಾರೂ ಮುಟ್ಟಲಿಲ್ಲ. ಅವ್ವ ತೆಗೆದ ಗುಳಿಯಿಂದಲೇ ನಾನೊಂದು ಚಿಟಿಕೆ ತೆಗೆದು ಎಡದವಡೆಗೆ ಇಟ್ಟುಕೊಂಡೆ. ತಲೆ ತಿರುಗಿತು, ಬಿಕ್ಕಳಿಕೆ ಬಂತು, ಹಿತ್ತಲಿಗೆ ಹೋಗಿ ವಾಂತಿ ಮಾಡಿದೆ. ಆದರೆ ಬಾಯಿ ತುಂಬ ಅವ್ವ ಇದ್ದಳು.

ಆಮೇಲಿನದನ್ನು ಹೇಳಲು ನಾಚಿಕೆಯಾಗುತ್ತದೆ. ಹೊರಡುವಾಗ ಸ್ವಲ್ಪ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದೆ. ಅವ್ವ ತೀರಾ ನೆನಪಾದಾಗ ಮಾತ್ರ ಎಂದುಕೊಂಡೆ. ಅವ್ವ ವಾರಕ್ಕೊಮ್ಮೆ ನೆನಪಾದಳು, ಆಮೇಲೆ ದಿನಾ ಸಂಜೆ ನೆನಪಾದಳು, ಆಮೇಲೆ ಊಟವಾದ ಕೂಡಲೇ ನೆನಪಾಗತೊಡಗಿದಳು. ನಾನು ಕೆಲಸ ಮಾಡುವ ಮದ್ದೂರಿನ ಶಾಲೆಯ ಗೇಟಿನಲ್ಲಿ ನೂರು ಗಜದೊಳಗೆ ತಂಬಾಕು ಮಾರಬಾರದು ಎಂಬ ಬೋರ್ಡಿದೆ. ನೂರು ಗಜ ದಾಟಿದ ಮೇಲಿನ ಮೊದಲ ಅಂಗಡಿಯಲ್ಲಿ ನಾನು ಗಿರಾಕಿ. ನಮ್ಮತ್ತೆಗೆ ಎಂದು ಹೇಳಿ ತೆಗೆದುಕೊಳ್ಳುತ್ತಿದ್ದೆ. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ತಂಬಾಕು ವಿರೋಧಿ ದಿನಕ್ಕೆ ಮಕ್ಕಳ ಮುಂದೆ ಭಾಷಣ ಮಾಡುವವಳೂ ನಾನೇ, ಹುಣ್ಣಾದ ಬಾಯಿಯ ಚಿತ್ರಪಟ ಎತ್ತಿ ಹಿಡಿದು ತೋರಿಸುವವಳೂ ನಾನೇ. ಒಮ್ಮೆ ನಾನು ಬಾಗಿಲಿಗೆ ಒರಗಿ ನಿಂತಿದ್ದಾಗ ಯಜಮಾನರು, ನೀನು ಹೀಗೆ ನಿಂತರೆ ಥೇಟ್ ನಿಮ್ಮವ್ವನ ಹಾಗೇ ಕಾಣುತ್ತೀಯ ಅಂದರು. ಅವರು ಮೆಚ್ಚಿ ಹೇಳಿದ್ದು. ನಾನು ಹಿತ್ತಲಿಗೆ ಹೋಗಿ ಉಗಿದು ಬಂದೆ.

ಇನ್ನೂ ಒಂದಿದೆ. ಎರಡನೆಯ ವರ್ಷದಿಂದ, ಡಬ್ಬಿಯ ಮುಚ್ಚಳ ತೆಗೆದಿಟ್ಟು ಕೊನೆಯಲ್ಲಿ ಹೊರಬರುವ ಕೆಲಸವನ್ನು ನಾನೇ ವಹಿಸಿಕೊಂಡೆ. ಮಗಳಲ್ಲವೇ ಎಂದು ಅಣ್ಣ ಬಿಟ್ಟುಕೊಟ್ಟ. ಎಲ್ಲರೂ ಹೊರಗೆ ಹೋದ ಮೇಲೆ ಎಡೆಯ ಮುಂದೆ ನಾನೊಬ್ಬಳೇ. ಊರಿನಲ್ಲಿ ಬೆಳಿಗ್ಗೆಯಿಂದ ಬಾಯಿಗೆ ಪುಡಿ ಹಾಕಿಕೊಳ್ಳಲಾಗದೆ ತಲೆ ಸಿಡಿಯುತ್ತಿರುತ್ತಿತ್ತು. ಅವ್ವ ಬರುವ ತನಕ ಕಾಯುವ ತಾಳ್ಮೆ ಇರಲಿಲ್ಲ. ಎರಡು ಬೆರಳು ಇಳಿಸಿ, ಚಿಟಿಕೆ ದವಡೆಗೆ ಒತ್ತಿಕೊಂಡು, ಬಾಯಿ ಮುಚ್ಚಿಕೊಂಡು ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಿದ್ದೆ. ಬಾಗಿಲು ತೆಗೆದಾಗ ಅಣ್ಣ ಮೊದಲು ಡಬ್ಬಿಯನ್ನು ನೋಡುವನು. ಗುಳಿ ಕಂಡ ಕೂಡಲೇ ಅವನ ಕಣ್ಣು ತುಂಬುವುದು. ನಾನು ಏನೂ ಹೇಳುತ್ತಿರಲಿಲ್ಲ. ಬಾಯಲ್ಲಿ ಪುಡಿ ಇರುವವಳು ಏನು ಹೇಳುತ್ತಾಳೆ? ದುಃಖಕ್ಕೆ ಮಾತು ಬರುತ್ತಿಲ್ಲ ಎಂದು ಅವನು ನನ್ನ ಬೆನ್ನು ಸವರುತ್ತಿದ್ದ. ಏಳು ವರ್ಷ ಹೀಗೇ ನಡೆಯಿತು.

ಮೊದಲ ವರ್ಷದ ಗುಳಿ ಮಾತ್ರ ಅವ್ವನದು ಎಂದು ನಾನು ನಂಬಿದ್ದೆ. ಅದೊಂದರ ಮೇಲೆ ಉಳಿದದ್ದೆಲ್ಲ ನಿಂತಿತ್ತು.

ಲೇಸರ್‌ನ ಮೊದಲ ದಿನ ನರ್ಸು ನನ್ನ ಕಣ್ಣಿಗೆ ದಪ್ಪ ಹಸಿರು ಕನ್ನಡಕ ಹಾಕಿದಳು. ಅವರಿಬ್ಬರೂ ಹಾಕಿಕೊಂಡರು. ಮರಗಟ್ಟುವ ಸೂಜಿ ಚುಚ್ಚಿದ್ದರಿಂದ ನೋವೇನೂ ಇರಲಿಲ್ಲ. ಮಿಷನ್ನು ಬೀಪ್ ಬೀಪ್ ಅನ್ನುತ್ತಿತ್ತು. ಆ ಬೆಳಕು ಕಣ್ಣಿಗೆ ಕಾಣುವಂಥದಲ್ಲವಂತೆ, ಕಾಣುವುದು ದಾರಿ ತೋರಿಸುವ ಒಂದು ಕೆಂಪು ಚುಕ್ಕೆ ಅಷ್ಟೇ. ಎರಡು ನಿಮಿಷ ಕಳೆಯುವಷ್ಟರಲ್ಲಿ ವಾಸನೆ ಬಂತು. ಕೂದಲು ಸುಟ್ಟ ಹಾಗೆ, ಸಣ್ಣಗೆ. ನನ್ನದೇ ಮಾಂಸದ ವಾಸನೆ. ಕುರ್ಚಿಯ ಕೈ ಹಿಡಿದುಕೊಂಡೆ. ಹಸಿರು ಕತ್ತಲೆಯಲ್ಲಿ ಮೈಸೂರಿನ ಆಸ್ಪತ್ರೆಯ ಉದ್ದನೆಯ ಪಡಸಾಲೆ ಕಂಡಿತು, ಬೆಂಚಿನ ಮೇಲೆ ಕಪ್ಪು ಕೆನ್ನೆಯ ಅವ್ವ ಕಂಡಳು. ಅವಳ ಪಕ್ಕದಲ್ಲಿ ಒಂದು ಜಾಗ ಖಾಲಿ ಇತ್ತು.

ಮುಗಿದ ಮೇಲೆ ಡಾಕ್ಟರಮ್ಮ ಮಚ್ಚೆಯ ಮಾತು ತೆಗೆದರು. ಅಲ್ಲಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಏನೆಂದು ಗೊತ್ತಾದ ಮೇಲೆ ಅದನ್ನೂ ಲೇಸರ್‌ನಲ್ಲೇ ತೆಗೆಯಬಹುದು ಅಂದರು. ಪರೀಕ್ಷೆ ಗಿರೀಕ್ಷೆ ಯಾಕೆ, ಹೇಗೂ ಮಿಷನ್ ಇದೆಯಲ್ಲ, ಹಾಗೇ ಸುಟ್ಟುಬಿಡಿ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಸುಟ್ಟುಬಿಟ್ರೆ ಅಲ್ಲಿ ಏನಿತ್ತು ಅನ್ನೋದೇ ಗೊತ್ತಾಗಲ್ಲ ಮೇಡಂ," ಅಂದರು.

ನನಗೆ ಬೇಕಾಗಿದ್ದೂ ಅದೇ. ಬಾಯಲ್ಲಿ ಹೇಳಲಿಲ್ಲ, ವಸಡು ವಾಸಿಯಾಗಲಿ ನೋಡೋಣ ಎಂದು ಎದ್ದುಬಂದೆ.

ಮೂರು ವಾರ ತಪ್ಪಿಸಿಕೊಂಡು ತಿರುಗಿದೆ. ಬಲಗಡೆಯ ವಸಡು ಗಟ್ಟಿಯಾಗುತ್ತ ಬಂತು, ಬೇಸಿನ್ನು ಕೆಂಪಾಗುವುದು ನಿಂತಿತು. ಎಡಗಡೆಗೆ ಮಾತ್ರ ನಾಲಿಗೆ ಹೋಗಿ ಹೋಗಿ ಮುಟ್ಟಿಬರುತ್ತಿತ್ತು. ಶಾಲೆಯ ಟಾಯ್ಲೆಟ್ಟಿನಲ್ಲಿ ಮೊಬೈಲಿನ ಟಾರ್ಚು ಹಾಕಿಕೊಂಡು ಕೆನ್ನೆ ಎಳೆದು ನೋಡುತ್ತಿದ್ದೆ. ಸಂಜೆ ಮದ್ದೂರಿನಿಂದ ಮಂಡ್ಯಕ್ಕೆ ಪ್ಯಾಸೆಂಜರ್ ರೈಲಿನಲ್ಲಿ ಬರುವಾಗ, ನಡುವಿನ ಸ್ಟೇಷನ್ನಿನಲ್ಲಿ ಹತ್ತಿದ ಮುದುಕಿಯೊಬ್ಬಳು ಎದುರಿಗೆ ಕೂತು ಸೊಂಟದಿಂದ ಡಬ್ಬಿ ತೆಗೆದಳು. ನನ್ನ ಕಡೆ ನೋಡಿ, ಕೇಳದೆಯೇ, ಡಬ್ಬಿಯನ್ನು ಚಾಚಿದಳು. ಬಾಯಿ ನೋಡಿದರೇ ಗೊತ್ತಾಗುತ್ತದೇನೋ. ನನ್ನ ಕೈ ನನ್ನನ್ನು ಕೇಳದೆ ಮುಂದಕ್ಕೆ ಹೋಯಿತು. ಎರಡು ಬೆರಳು ಜೋಡಿಸಿಕೊಂಡಿದ್ದವು. ಗೂಡಿನ ಕಡೆ ಅವ್ವ ಎತ್ತುತ್ತಿದ್ದ ಕೈಯೂ ಹೀಗೇ ಇರುತ್ತಿತ್ತು. ಬೇಡ ಕಣಜ್ಜಿ ಎಂದು ಎದ್ದುಹೋಗಿ ಮಂಡ್ಯದವರೆಗೂ ಬಾಗಿಲ ಹತ್ತಿರ ನಿಂತೆ.

ಲೇಸರ್‌ನ ಎರಡನೆಯ ದಿನ, ಸೂಜಿ ಹಾಕುವ ಮುಂಚೆಯೇ, ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಕಡ್ಡಿಪುಡಿ ಹಾಕುತ್ತೇನೆ, ಎಂಟು ವರ್ಷವಾಯಿತು, ನಮ್ಮವ್ವ ಸತ್ತದ್ದು ಇದರಲ್ಲೇ, ಈ ಜಾಗದಲ್ಲೇ. ಹೇಳಿದ ಮೇಲೆ ಅಳು ಬಂತು. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ನಾನೂ ಜಗಳವಾಡಬಹುದಿತ್ತು. ಅವತ್ತೇ ಚೂರು ತೆಗೆದು ಒಂದು ಪುಟ್ಟ ಬಾಟಲಿಯ ನೀರಿನಂಥ ಔಷಧಿಯೊಳಗೆ ಹಾಕಿದರು. ರಿಪೋರ್ಟು ಬರಲು ಹತ್ತು ದಿನ ಬೇಕು ಅಂದರು. ಲೇಸರ್ ಮಾಡುವುದು ತನ್ನ ಕೆಲಸ, ಪುಡಿ ಬಿಡುವುದು ನನ್ನ ಕೆಲಸ, ಎರಡರಲ್ಲಿ ಒಂದೇ ನಡೆದರೆ ಮಚ್ಚೆ ವಾಪಸು ಬರುತ್ತದೆ ಎಂದೂ ಹೇಳಿದರು. ಅಂದಿನಿಂದ ಬಿಟ್ಟೆ. ಬಿಟ್ಟೆ ಎಂದು ಒಂದು ಪದದಲ್ಲಿ ಬರೆದರೆ ಸುಲಭವಾಗಿ ಕಾಣುತ್ತದೆ.

ಆ ಹತ್ತು ದಿನದ ನಡುವಿನ ಭಾನುವಾರ ಅಣ್ಣನಿಗೆ ತಿಳಿಸಲು ಊರಿಗೆ ಹೊರಟೆ. ಮದ್ದೂರಿನಿಂದ ಮಳವಳ್ಳಿ ಬಸ್ಸು. ಭಾರತೀನಗರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಅರ್ಧ ಗಂಟೆ ನಿಂತಿತು. ಫ್ಯಾಕ್ಟರಿಯ ಸಿಹಿ ಕಮಟು ವಾಸನೆ ಕಿಟಕಿಯಿಂದ ಬರುತ್ತಿತ್ತು. ಏನೆಂದು ಶುರುಮಾಡಲಿ ಎಂದು ಯೋಚಿಸುತ್ತಿದ್ದೆ. ಅಣ್ಣ ನನಗಿಂತ ಎಂಟು ವರ್ಷಕ್ಕೆ ದೊಡ್ಡವನು. ಅಪ್ಪ ಹೋದಮೇಲೆ ನನ್ನನ್ನು ಓದಿಸಿದವನು. ಎಲೆ ಅಡಿಕೆಯನ್ನೂ ಮುಟ್ಟದ ಮನುಷ್ಯ.

ಜಗಲಿಯ ಮೇಲೆ ಕೂತು ಹೇಳಿದೆ. ಮಚ್ಚೆ ಅಂದೆ, ಲೇಸರ್ ಅಂದೆ. ಅಣ್ಣನ ಮುಖ ಬಿಳಿಚಿಕೊಂಡಿತು.

"ಕರೆಂಟು ಕೊಡುಸ್ಕಬ್ಯಾಡ ಕಣವ್ವ. ಕರೆಂಟು ಕೊಟ್ಟಮ್ಯಾಲೆ ಅವ್ವ ಉಳುದ್ಲಾ?"

ಇದು ಆ ಕರೆಂಟಲ್ಲ, ಬರೀ ಬೆಳಕು, ವಸಡಿಗೂ ಕೊಡುತ್ತಾರೆ, ನನ್ನ ವಸಡು ನೋಡು ಹೇಗೆ ಗಟ್ಟಿಯಾಗಿದೆ ಎಂದು ತುಟಿ ಎಳೆದು ತೋರಿಸಿದೆ. ಅವನು ನೋಡಲಿಲ್ಲ. ನಿನಗೆ ಯಾಕೆ ಬಂತು ಆ ಮಚ್ಚೆ, ನೀನೇನು ಪುಡಿ ಹಾಕುವವಳಾ ಎಂದು ಕೇಳಿದ. ಹೌದು ಎಂದೆ. ಯಾವತ್ತಿನಿಂದ ಎಂದು ಕೇಳಿದ. ಮೊದಲ ಪಕ್ಷದಿಂದ, ಅವ್ವ ಬೆರಳಿಟ್ಟು ಹೋಗಿದ್ದಳಲ್ಲ, ಆ ಗುಳಿಯಿಂದ ತೆಗೆದುಕೊಂಡಿದ್ದು ಎಂದೆ.

ಅಣ್ಣ ಅಂಗಳದ ಕಡೆ ತಿರುಗಿದ. ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಆ ವರ್ಸ ಬೆರಳು ಇಟ್ಟಿದ್ದು ನಾನೇ ಕಣವ್ವ. ನೀನು ಅಳೋದ್ನ ನೋಡಕ್ಕಾಗ್ನಿಲ್ಲ."

ಕೋಳಿಯೊಂದು ಮೆಟ್ಟಿಲು ಹತ್ತಿ ನಮ್ಮಿಬ್ಬರನ್ನೂ ನೋಡಿ ಇಳಿಯಿತು. ನನಗೆ ಸಿಟ್ಟು ಬರಲಿಲ್ಲ. ಏನೂ ಬರಲಿಲ್ಲ. ಎಂಟು ವರ್ಷ ನನ್ನ ದವಡೆಯಲ್ಲಿ ಕೂತಿದ್ದವಳು ಅಲ್ಲಿ ಇರಲೇ ಇಲ್ಲ ಎಂದು ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅಣ್ಣ ನನ್ನ ಕೈ ಹಿಡಿದುಕೊಂಡ.

"ಮೊದಲ್ನೆ ವರ್ಸ ಮಾತ್ರವೆ. ಆಮೇಲೆ ಅವ್ಳೇ ಬಂದ್ಲು. ವರ್ಸ ವರ್ಸವೂ ಬಂದ್ಲು. ನಾ ಮುಟ್ಟೇ ಇಲ್ಲ, ದೇವ್ರಾಣೆ."

ಅವನ ಮುಖದ ತುಂಬ ನಂಬಿಕೆಯಿತ್ತು. ತಾನು ಸುಳ್ಳಾಗಿ ಕರೆದದ್ದಕ್ಕೆ ಅವ್ವ ನಿಜವಾಗಿ ಬಂದಳು ಎಂದು ಅವನು ಏಳು ವರ್ಷ ನಂಬಿಕೊಂಡಿದ್ದ. ಆ ಏಳೂ ನನ್ನ ಬೆರಳು. ಹೇಳಬೇಕೆಂದು ಬಾಯಿ ತೆರೆದೆ, ಆಗಲಿಲ್ಲ. ಉಂಡು ಹೋಗು ಅಂದ. ಬಸ್ಸಿದೆ ಎಂದು ಎದ್ದುಬಂದೆ.

ರಿಪೋರ್ಟು ಬಂತು. ಕ್ಯಾನ್ಸರ್ ಅಲ್ಲ. ಆದರೆ ಜೀವಕೋಶಗಳು ದಾರಿ ತಪ್ಪಲು ಶುರುಮಾಡಿವೆ, ಇನ್ನೊಂದೆರಡು ವರ್ಷ ಹೀಗೇ ಬಿಟ್ಟಿದ್ದರೆ ಏನು ಬೇಕಾದರೂ ಆಗಬಹುದಿತ್ತು ಎಂದು ಡಾಕ್ಟರಮ್ಮ ಹೇಳಿದರು. ಮುಂದಿನ ವಾರವೇ ಮತ್ತೆ ಹಸಿರು ಕನ್ನಡಕ, ಮತ್ತೆ ಬೀಪ್ ಬೀಪ್, ಮತ್ತೆ ಅದೇ ವಾಸನೆ. ಇಡೀ ಮಚ್ಚೆಯನ್ನು ಲೇಸರ್‌ನಲ್ಲಿ ಸಿಪ್ಪೆಯ ಹಾಗೆ ಬಿಡಿಸಿ ತೆಗೆದರು. ರಕ್ತ ಬರಲಿಲ್ಲ, ಹೊಲಿಗೆ ಹಾಕಲಿಲ್ಲ. ಹತ್ತು ಹದಿನೈದು ದಿನ ತಣ್ಣಗಿನ ಮೊಸರನ್ನ, ಖಾರವಿಲ್ಲ, ಮುದ್ದೆಯಿಲ್ಲ. ಮೊದಲು ಹಳದಿ ಪೊರೆ ಕಟ್ಟಿತು, ಆಮೇಲೆ ಅದು ಕಳಚಿ ಒಳಗೆ ಎಳೆ ಚರ್ಮ ಬಂತು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕಂತೆ, ವರ್ಷಗಟ್ಟಲೆ. ನಾಲಿಗೆ ಈಗಲೂ ಅಲ್ಲಿಗೆ ಹೋಗುತ್ತದೆ. ಅಲ್ಲಿ ನುಣ್ಣಗಿದೆ.

ಅಷ್ಟರಲ್ಲಿ ಪಕ್ಷ ಬಂತು. ಅವ್ವನಿಗೆ ಒಂಬತ್ತನೆಯ ಎಡೆ. ನಡುಮನೆಯಲ್ಲಿ ಎಲೆ ಹಾಕಿ, ಮುದ್ದೆ, ಕೋಳಿ ಸಾರು, ಒಬ್ಬಟ್ಟು, ವಡೆ, ಹೊಸ ಸೀರೆ ಎಲ್ಲ ಜೋಡಿಸಿದೆವು. ಮನೆಯವರೆಲ್ಲ ಹೊರಗೆ ಹೋದರು. ಅಣ್ಣ ಗೂಡಿನಿಂದ ಡಬ್ಬಿ ತೆಗೆದ. ಹೊಸ ಪುಡಿ ತುಂಬಿ ಸಮ ಮಾಡಿಟ್ಟಿದ್ದ. ಈ ವರ್ಷ ನೀನು ಮುಟ್ಟಬೇಡ, ನಿನ್ನ ಬಾಯಿ ಈಗ ತಾನೇ ವಾಸಿಯಾಗಿದೆ, ನಾನೇ ಇಡುತ್ತೇನೆ, ಪಾಪ ಅವಳು ಅದಕ್ಕೆ ತಾನೇ ಬರುವುದು ಅಂದ. ಮುಚ್ಚಳ ತೆಗೆದಾಗ ವಾಸನೆ ನೇರ ನನ್ನ ಗಂಟಲಿಗೆ ಬಂತು. ಬಾಯಲ್ಲಿ ನೀರೂರಿತು. ನಾನು ಇನ್ನೂ ಎಷ್ಟು ಹತ್ತಿರದಲ್ಲಿದ್ದೇನೆ ಎಂದು ಗೊತ್ತಾಗಿ ಹೆದರಿಕೆಯಾಯಿತು. ಈ ಡಬ್ಬಿ ಈ ಮನೆಯಲ್ಲಿ ವರ್ಷ ವರ್ಷ ತುಂಬುತ್ತಿದ್ದರೆ ಒಂದಲ್ಲ ಒಂದು ವರ್ಷ ನಾನು ಬೆರಳಿಡುವವಳೇ.

"ಅದು ನನ್ನ ಬೆರಳು ಕಣಣ್ಣ," ಎಂದೆ. "ಏಳು ವರ್ಸವೂ ನಂದೇಯ."

ಅಣ್ಣ ಡಬ್ಬಿಯನ್ನು ನೋಡಿದ, ನನ್ನ ಬೆರಳುಗಳನ್ನು ನೋಡಿದ. ನಾನು ಹೇಗೆ ಮಾಡುತ್ತಿದ್ದೆ, ಯಾಕೆ ಬಾಯಿ ಮುಚ್ಚಿಕೊಂಡು ಬರುತ್ತಿದ್ದೆ ಎಂದು ಎಲ್ಲ ಹೇಳಿದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಅರವತ್ತು ದಾಟಿದ ಮನುಷ್ಯ, ಚಿಕ್ಕ ಮಗುವಿನ ಹಾಗೆ ಕೇಳಿದ.

"ಒಂದ್ ವರ್ಸವೂ ಅವ್ಳು ಬ‌ರ್ನಿಲ್ವಾ?"

ಉತ್ತರಕ್ಕೆ ಕಾಯಲಿಲ್ಲ. ಡಬ್ಬಿ ಹಿಡಿದುಕೊಂಡು ಹಿತ್ತಲಿಗೆ ಹೋದ. ತಿಪ್ಪೆಗೆ ಪುಡಿ ಸುರಿದು, ಡಬ್ಬಿಯನ್ನು ನೀರಲ್ಲಿ ತೊಳೆದು, ಟವೆಲ್ಲಿನಿಂದ ಒರೆಸಿಕೊಂಡು ಬಂದ. ಮುಚ್ಚಳದ ಕನ್ನಡಿಯನ್ನು ಮಾತ್ರ ಎರಡು ಸಲ ಒರೆಸಿದ. ಖಾಲಿ ಡಬ್ಬಿಯನ್ನು ಗೂಡಿನಲ್ಲಿಟ್ಟು ಧೂಪ ಹಾಕಿದ. ಅವ್ವನ ಎಲೆಯ ತುದಿ ಬರಿದಾಗಿತ್ತು. ಅವಳಿಗೆ ಕೊನೆಯ ದಿನಗಳಲ್ಲಿ ನುಂಗಲಾಗದ ಮುದ್ದೆ ಎಲೆಯ ನಡುವೆ ಹೊಗೆಯಾಡುತ್ತಿತ್ತು. ಇಬ್ಬರೂ ಒಟ್ಟಿಗೇ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.

ಜಗಲಿಯ ಮೇಲೆ ಪಕ್ಕಪಕ್ಕ ಕೂತೆವು. ಅವ್ವ ಸತ್ತು ಒಂಬತ್ತು ವರ್ಷವಾಗಿತ್ತು, ಅವತ್ತು ನನಗೆ ಅವಳು ಸತ್ತಳು ಅನ್ನಿಸಿತು. ಮೊಮ್ಮಕ್ಕಳಿಗೆ ಹಸಿವಾಗುತ್ತಿದೆ ಎಂದು ಅತ್ತಿಗೆ ಬಂದು ಹೇಳಿದಾಗ ಅಣ್ಣ ಎದ್ದ. ನಾನೂ ಹಿಂದೆಯೇ ಹೋದೆ. ಒಳಗೆ ಯಾರೂ ಬಂದಿಲ್ಲ, ಏನೂ ಕದಲಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅಣ್ಣ ಅಗುಳಿಯ ಮೇಲೆ ಕೈಯಿಟ್ಟ. ಸ್ವಲ್ಪ ತಡೆದು, ಬಾಗಿಲು ತೆಗೆಯುವ ಮುಂಚೆ ಕೆಮ್ಮಿದ.